ಬಿಳಿಯ ಕಾರ್ಡಿನ ಮನೆಗಳು

ಬಡತನವು ಕಣ್ಣಿಗೆ ಕಾಣುವಂಥದು. ಬಡತನದ ಹೊಸ್ತಿಲಿಗೆ ಬಂದು ನಿಂತವರ ಕಷ್ಟವು ಕಾಣುವಂಥದಲ್ಲ. ಕೊರೋನಾ ಪಿಡುಗಿನ ನಿಮಿತ್ತ 2020ನೆಯ ಇಸವಿಯ ಮಾರ್ಚ್ 25ರಿಂದ ದೇಶವೇ ಬಾಗಿಲಿಕ್ಕಿಕೊಂಡಾಗ ಈ ಮುಂಬಯಿಯಲ್ಲಿ ನಾವು ಕಂಡುದು ಇದನ್ನೇ. ಇಂದು ನಮ್ಮ ಶಾಲೆಯಲ್ಲಿ ಓದುತ್ತಿರುವ ನಿಮ್ಮಲ್ಲಿ ಅನೇಕರು ಆಗ ಎಳೆಯರು. ರಾತ್ರಿ ಹಿರಿಯರು ಪಿಸುಮಾತಿನಲ್ಲಿ ಹಾಕುತ್ತಿದ್ದ ಲೆಕ್ಕದ ಅರ್ಥ ನಿಮಗಾಗಿರಲಾರದು.

ಹೋಟೆಲಿನ ಗಲ್ಲಾ ಪೆಟ್ಟಿಗೆಯ ಮುಂದೆ ಕೂರುವವರು, ಕ್ಯಾಂಟೀನು ನಡೆಸುವವರು, ಸಣ್ಣ ಕಂಪೆನಿಯಲ್ಲಿ ಲೆಕ್ಕ ಬರೆಯುವವರು—ನಮ್ಮವರಲ್ಲಿ ಬಹುಮಂದಿಯ ಬಾಳು ಇಂಥದು. ತಿಂಗಳ ಸಂಬಳ ತಿಂಗಳಿಗೇ ಸರಿ. ಲೋಕಲ್ ರೈಲು ನಿಂತಿತು, ಕ್ಯಾಂಟೀನಿನ ಒಲೆ ಆರಿತು. ಮುಂಬಯಿಯ ಹೋಟೆಲುಗಳಲ್ಲಿ ಗಿರಾಕಿಗಳು ಮತ್ತೆ ಕುಳಿತು ಉಣ್ಣುವಂತಾದುದು ಅಕ್ಟೋಬರ್ 5ರಿಂದ. ಅದೂ ಅರ್ಧದಷ್ಟು ಮಂದಿಗೆ ಮಾತ್ರ.

ಸರಕಾರವು ಏನೂ ಮಾಡಲಿಲ್ಲವೆಂದರೆ ಅನ್ಯಾಯವಾದೀತು. ಆಹಾರ ಭದ್ರತೆಯ ಪಟ್ಟಿಯಲ್ಲಿದ್ದವರಿಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ಪುಕ್ಕಟೆಯಾಗಿ ದೊರೆಯಿತು. ಆ ಪಟ್ಟಿಯಲ್ಲಿಲ್ಲದ ಕೇಸರಿ ಕಾರ್ಡಿನವರಿಗೂ ಕೆಲಕಾಲ ಅಗ್ಗದ ಗೋಧಿ, ಅಕ್ಕಿ ಬಂದಿತು. ಆದರೆ ಮಹಾರಾಷ್ಟ್ರದಲ್ಲಿ ಕುಟುಂಬದ ವಾರ್ಷಿಕ ಆದಾಯವು 1 ಲಕ್ಷ ರೂಪಾಯಿಯನ್ನು ದಾಟಿದರೆ ರೇಷನ್ ಕಾರ್ಡು ಬಿಳಿಯದು. ಅಂದರೆ ತಿಂಗಳಿಗೆ 8,333 ರೂಪಾಯಿ! ಈ ನಗರದಲ್ಲಿ ಅದು ಸಿರಿಯೇ? ಅದಿರಲಿ, ಕಾರ್ಡು ಬಲ್ಲುದು ಹಿಂದಿನ ಆದಾಯವನ್ನು. ನಿನ್ನೆ ನಿಂತ ಸಂಬಳ ಅದಕ್ಕೆ ತಿಳಿಯದು. ಬ್ಯಾಂಕಿನ ಸಾಲಕ್ಕೂ ಆಗಸ್ಟ್ 31ರವರೆಗೆ ವಿರಾಮ ಕೊಟ್ಟರು. ನಿಂತುದು ಕಂತು, ಬಡ್ಡಿಯಲ್ಲ.

ಆದರೂ ನಮ್ಮ ಮುಖ್ಯ ಆಕ್ಷೇಪವು ಸರಕಾರದ ಮೇಲಲ್ಲ, ನಮ್ಮ ಮೇಲೆಯೇ. ಅನ್ನದ ಪೊಟ್ಟಣ ಹಂಚುವ ಸಾಲಿನಲ್ಲಿ ನಿಲ್ಲಲು ನಮ್ಮವರಿಗೆ ಕಾಲು ಬರಲಿಲ್ಲ. ತಾಯಿಯ ಬಳೆ ಅಡವಿಗೆ ಹೋದುದು ಪಕ್ಕದ ಕೋಣೆಗೆ ತಿಳಿಯಬಾರದೆಂದು ಗಾಜಿನ ಬಳೆ ತೊಟ್ಟು ನಕ್ಕರು. ಮಾನವನ್ನು ಮುಚ್ಚಿಟ್ಟೆವೆಂದುಕೊಂಡರು, ಮುಚ್ಚಿಟ್ಟುದು ಹಸಿವನ್ನು. ಮನೆಗಿದ್ದ ಒಂದೇ ಫೋನನ್ನು ತಂದೆಯು ಕೆಲಸ ಹುಡುಕಲು ಒಯ್ದಾಗ ಆನ್‌ಲೈನ್ ಪಾಠಕ್ಕೆ ಬಾರದ ಹುಡುಗನನ್ನು ಉದಾಸೀನನೆಂದು ಬಗೆದವರು ಯಾರು? ಶಿಕ್ಷಕರಾದ ನಾವೇ. ಅವನು ಹೇಳಲಿಲ್ಲ, ನಾವು ಕೇಳಲಿಲ್ಲ.

ಇದು ನಮ್ಮ ಹಳೆಯ ಗುಣವಲ್ಲ. ಊರು ಬಿಟ್ಟು ಬಂದ ಹುಡುಗರು ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ನಗರವಿದು. ಅವರು ತಮ್ಮ ಕೈಬರಿದನ್ನು ಯಾರಿಂದಲೂ ಮರೆಮಾಚಲಿಲ್ಲ. ಮರೆಮಾಚಿದ್ದರೆ ಪುಸ್ತಕ, ಶುಲ್ಕಗಳಿಗೆ ಕೈನೀಡುವವರು ಅವರಿಗೆ ಸಿಗುತ್ತಿರಲಿಲ್ಲ. ಬಿಳಿಯ ಕಾರ್ಡು ನಮಗೆ ಕೊಟ್ಟುದು ಧಾನ್ಯವನ್ನಲ್ಲ, ಈ ಹೊಸ ನಾಚಿಕೆಯನ್ನು.

ಇನ್ನು ಮುಂದೆ ತರಗತಿಯ ಒಂದು ಬೆಂಚು ವಾರಕಾಲ ಬರಿದಾಗಿ ಕಂಡರೆ, ಹಾಜರಿ ಪುಸ್ತಕದಲ್ಲಿ ಗೈರೆಂದು ಬರೆದು ಸುಮ್ಮನಾಗದೆ ಆ ಮನೆಯ ಬಾಗಿಲಿಗೆ ಹೋಗಿಬರುವುದೆಂದು ನಾವು ನಿಶ್ಚಯಿಸಿದ್ದೇವೆ. ಬಾಗಿಲು ತೆರೆದು ನಿಜ ಹೇಳುವ ಕೆಲಸ ನಿಮ್ಮದು.