ಏಟು ಬಿದ್ದದ್ದು ಒಳಗೆ, ಹೇಳೋದು ಯಾರ ಹತ್ರ?

ಮೋಕ: ಭಾನುವಾರ ಬೆಳಗ್ಗೆ ಮೋಕದ ಕಡೆಯಿಂದ ಬಳ್ಳಾರಿಗೆ ಬರುವ ಬಸ್ಸಿನಲ್ಲಿ ಕೈಚೀಲದೊಳಗೆ ಬೈಬಲ್ ಇಟ್ಟುಕೊಂಡು ಕೂತವರು ಇರ್ತಾರೆ. ಕಂಡಕ್ಟರಿಗೆ ಗೊತ್ತು, ಪಕ್ಕದಲ್ಲಿ ಕೂತ ಮೆಣಸಿನಕಾಯಿ ವ್ಯಾಪಾರಿಗೂ ಗೊತ್ತು. ಯಾರ ಕಣ್ಣಿಗೂ ಬೀಳದೆ ಇರೋದು ಇನ್ನೊಂದು ಬಗೆಯವರು. ಹೋದ ವರ್ಷದ ತನಕ ಅದೇ ಬಸ್ಸು ಹತ್ತುತ್ತಿದ್ದು, ಈಗ ಭಾನುವಾರ ಬಂತೆಂದರೆ ಬಾಗಿಲು ಮುಂದೆ ಮಾಡಿಕೊಂಡು ಮನೆಯಲ್ಲೇ ಕೂರುವವರು. ಕೇಳಿದರೆ ಮೈಯಲ್ಲಿ ಹುಷಾರಿಲ್ಲ ಅಂತಾರೆ. ಮೈಯಲ್ಲಿ ಹುಷಾರಾಗೇ ಇರುತ್ತೆ.

ಇಂಥವರು ದೇವರನ್ನು ಬಿಟ್ಟವರಲ್ಲ. ದೇವರ ಮನೆಯಲ್ಲಿ ಏಟು ತಿಂದವರು. ಒಬ್ಬರಿಗೆ ಜಾತಿ ಹಿಡಿದು ಹಿಂದೆ ಕೂರಿಸಿದ ಅವಮಾನ, ಇನ್ನೊಬ್ಬರಿಗೆ ‘ನಿನ್ನ ಪಾಪದಿಂದಲೇ ಮಗು ಸತ್ತಿತು’ ಅನ್ನುವ ಮಾತು, ಮತ್ತೊಬ್ಬರಿಗೆ ಬಾಯಿ ಬಿಟ್ಟು ಹೇಳಲಾಗದಂಥದ್ದು. ಈ ವಿಷಯ ಎತ್ತಿದರೆ ಒಳಗಿನವರಿಗೂ ಸಿಟ್ಟು, ಹೊರಗಿನವರಿಗೆ ಬೇಡದ ಖುಷಿ. ಹಾಗಂತ ಎತ್ತದೆ ಬಿಟ್ಟರೆ ಅದು ಇಲ್ಲ ಅಂತ ಆಗೋದಿಲ್ಲ.

ಬಳ್ಳಾರಿ ಸೀಮೆಗೂ ಕ್ರೈಸ್ತ ಧರ್ಮಕ್ಕೂ ನಂಟು ನಿನ್ನೆ ಮೊನ್ನೆಯದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತವನು. ಅದೇ ಮಿಷನ್ನಿನವರ ವಾರ್ಡ್ಲಾ ಶಾಲೆಯಲ್ಲಿ ಎಲ್ಲ ಜಾತಿ ಧರ್ಮದ ಮಕ್ಕಳೂ ಓದಿದ್ದಾರೆ. ಕಥೋಲಿಕರ ಬಳ್ಳಾರಿ ಧರ್ಮಪ್ರಾಂತ್ಯ ಆದದ್ದು 1949ರಲ್ಲಿ. ಆಗಿನ್ನೂ ಈ ಊರು ಮದ್ರಾಸ್ ಪ್ರಾಂತಕ್ಕೆ ಸೇರಿತ್ತು, 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಹೀಗಾಗಿ ಈ ಗಡಿ ಹಳ್ಳಿಗಳಲ್ಲಿ ತೆಲುಗಿನಲ್ಲಿ ಪ್ರಾರ್ಥನೆ ಮಾಡಿ ಕನ್ನಡದಲ್ಲಿ ಅಳುವವರು ಈಗಲೂ ಸಿಗ್ತಾರೆ. ಊರ ಬಾವಿಯ ಹತ್ತಿರ ಬಿಟ್ಟುಕೊಳ್ಳದ ಜನಕ್ಕೆ ಚರ್ಚು ಬೆಂಚು ಕೊಟ್ಟಿತು, ಸ್ಲೇಟು ಕೊಟ್ಟಿತು, ಔಷಧಿ ಕೊಟ್ಟಿತು. ಇದನ್ನು ಅಲ್ಲಗಳೆದು ಮಾತಾಡೋದು ಕೃತಘ್ನತೆಯಾದೀತು. ಆದರೆ ಏಟು ಇಷ್ಟು ಆಳಕ್ಕೆ ಇಳಿಯೋದೂ ಅದಕ್ಕೇ. ಬೀದಿಯವನು ಹೊಡೆದರೆ ಒಂದು, ಅನ್ನ ಇಟ್ಟ ಕೈಯೇ ಹೊಡೆದರೆ ಇನ್ನೊಂದು.

ಹೊರಗಿನ ಕಲ್ಲು, ಒಳಗಿನ ಕಲ್ಲು

2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಆರಾಧನಾ ಮಠದಿಂದ ಹಿಡಿದು ರಾಜ್ಯದ ಹಲವು ಕಡೆ ಚರ್ಚುಗಳ ಮೇಲೆ ದಾಳಿ ಆದದ್ದು ಎಲ್ಲರಿಗೂ ನೆನಪಿದೆ. ಶಿಲುಬೆ ಮುರಿದರು, ಗಾಜು ಒಡೆದರು. ಆಮೇಲೆ ಏನಾಯ್ತು? ಜನ ಒಟ್ಟಾದರು. ಮೆರವಣಿಗೆ ಮಾಡಿದರು, ಒಬ್ಬರ ಕೈ ಒಬ್ಬರು ಹಿಡಿದು ನಿಂತರು. ಹೊರಗಿನ ಕಲ್ಲಿನ ಗುಣವೇ ಅದು, ಬಿದ್ದವರನ್ನು ಒಟ್ಟುಗೂಡಿಸುತ್ತೆ. ಒಳಗಿನ ಕಲ್ಲು ಹಾಗಲ್ಲ. ಅದು ಒಬ್ಬರ ಮೇಲೆ ಬೀಳುತ್ತೆ, ಬಿದ್ದವರನ್ನು ಒಂಟಿ ಮಾಡುತ್ತೆ. ಮೆರವಣಿಗೆ ಇಲ್ಲ, ವಿಚಾರಣಾ ಆಯೋಗ ಇಲ್ಲ. ‘ಸುಮ್ನಿರು, ಸಭೆಯ ಮಾನ ಹೋಗುತ್ತೆ’ ಅಂತ ಮನೆಯವರೇ ಹೇಳ್ತಾರೆ.

ಜಾತಿ ವಿಷಯವನ್ನೇ ತಗೊಳ್ಳಿ. ಕ್ರಿಸ್ತನಲ್ಲಿ ಮೇಲು ಕೀಳಿಲ್ಲ ಅಂತ ನಂಬಿ ಅಜ್ಜ ಮುತ್ತಜ್ಜಂದಿರು ಸೇರಿದರು. ತಮಿಳುನಾಡಿನ ತಿರುಚ್ಚಿಯ ಮೇಲಪುದೂರು ಕ್ರೈಸ್ತ ಮಸಣದಲ್ಲಿ ದಲಿತರ ಗೋರಿಗೂ ಉಳಿದವರ ಗೋರಿಗೂ ನಡುವೆ ಗೋಡೆ ಎಬ್ಬಿಸಿದ ಕಥೆ ದೇಶಕ್ಕೇ ಗೊತ್ತು. ಅಷ್ಟು ದೂರ ಹೋಗೋದೂ ಬೇಡ. ಗಡಿ ದಾಟಿದರೆ ಸಿಗುವ ರಾಯಲಸೀಮೆಯಲ್ಲೇ 2016ರ ಏಪ್ರಿಲ್‌ನಲ್ಲಿ ಕಡಪದ ಬಿಷಪ್ ಗಲ್ಲೇಲ ಪ್ರಸಾದ್ ಅವರನ್ನು ಕಾರಿನಲ್ಲಿ ಹೋಗುವಾಗ ಅಪಹರಿಸಿ, ಹೊಡೆದು ಬಿಟ್ಟುಹೋದರು. ಅವರು ದಲಿತ ಮೂಲದವರು. ಪೊಲೀಸರು ಹಿಡಿದವರಲ್ಲಿ ಅವರದೇ ಪ್ರಾಂತ್ಯದ ಪಾದ್ರಿಗಳೂ ಇದ್ದರು! ಜಾತಿ ಮತ್ತು ದುಡ್ಡಿನ ತಕರಾರು ಇದರ ಹಿಂದೆ ಇದೆ ಎಂದು ಆಗ ವರದಿಯಾಯ್ತು. ಬಿಷಪ್ಪರ ಗತಿಯೇ ಹೀಗಾದರೆ ಕೂಲಿ ಮಾಡುವ ಹೆಂಗಸು ಯಾವ ಧೈರ್ಯದ ಮೇಲೆ ಬಾಯಿ ಬಿಡಬೇಕು?

ಅದೇ ವರ್ಷದ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಬಿಷಪ್ಪರ ಮಂಡಳಿ ದಲಿತರ ಬಗ್ಗೆ ಒಂದು ನೀತಿ ಪತ್ರ ಹೊರಡಿಸಿತು. ಚರ್ಚಿನೊಳಗೆ ಅಸ್ಪೃಶ್ಯತೆ ಇದೆ ಅಂತ ಅದರಲ್ಲಿ ಒಪ್ಪಿಕೊಂಡರು. ದೇಶದ ಸುಮಾರು 1 ಕೋಟಿ 90 ಲಕ್ಷ ಕಥೋಲಿಕರಲ್ಲಿ 1 ಕೋಟಿ 20 ಲಕ್ಷ ಮಂದಿ ದಲಿತರು ಅನ್ನೋದು ಅದೇ ಪತ್ರದ ಲೆಕ್ಕ. ಮನೆಯ ಅರ್ಧಕ್ಕಿಂತ ಹೆಚ್ಚು ಜನರನ್ನೇ ಹೊಸ್ತಿಲಲ್ಲಿ ಕೂರಿಸಿದ್ದೆವು ಅಂತ ಯಜಮಾನ ಒಪ್ಪಿಕೊಂಡ ಹಾಗಾಯ್ತು. ತಡವಾಯ್ತು, ಆದರೂ ಒಪ್ಪಿಕೊಂಡದ್ದು ದೊಡ್ಡದು. ಆರು ವರ್ಷ ಕಳೆದು 2022ರ ಆಗಸ್ಟಿನಲ್ಲಿ ಆಂತೋನಿ ಪೂಲ ಅವರು ಕಾರ್ಡಿನಲ್ ಆದರು, ಆ ಪದವಿಗೆ ಏರಿದ ಮೊದಲ ದಲಿತರು. ಹೈದರಾಬಾದಿಗೆ ಹೋಗುವ ಮುಂಚೆ 12 ವರ್ಷ ನಮ್ಮ ಪಕ್ಕದ ಕರ್ನೂಲಿನಲ್ಲೇ ಬಿಷಪ್ಪರಾಗಿದ್ದವರು. ಆ ದಿನ ಗಡಿಯ ಎಷ್ಟೋ ಮನೆಗಳಲ್ಲಿ ತಲೆ ಎತ್ತಿ ನಡೆಯುವಂತಾಯ್ತು ಅಂದರೆ ಅದು ಸಣ್ಣ ಮದ್ದಲ್ಲ. ಹಾಗಂತ ರೋಮಿನಲ್ಲಿ ಕೆಂಪು ಟೋಪಿ ಇಟ್ಟ ಮಾತ್ರಕ್ಕೆ ಹಳ್ಳಿಯ ಬೆಂಚು ಸಾಲು ತಾನಾಗೇ ಬದಲಾಗೋದೂ ಇಲ್ಲ.

ಬಾಯಿಗೆ ಬೀಗ

ಸಣ್ಣ ಊರಿನಲ್ಲಿ ಚರ್ಚು ಅಂದರೆ ಪ್ರಾರ್ಥನೆ ಮಾಡುವ ಕಟ್ಟಡ ಒಂದೇ ಅಲ್ಲ. ಮಗಳ ಶಾಲೆ ಅವರದೇ, ಹೆರಿಗೆ ಆಸ್ಪತ್ರೆ ಅವರದೇ, ಮಗನ ಗುಮಾಸ್ತೆ ಕೆಲಸ ಅವರದೇ, ಮದುವೆ ಸಂಬಂಧ ಅಲ್ಲೇ ಕುದುರಬೇಕು, ಕೊನೆಗೆ ಮಣ್ಣಾಗುವ ಜಾಗವೂ ಅವರದೇ. ಒಂದು ದೂರು ಕೊಟ್ಟರೆ ಇಷ್ಟೂ ಬಾಗಿಲು ಮುಚ್ಚೀತು ಅನ್ನುವ ಭಯ. ಪೇಟೆಯವರು ‘ಬೇಡ ಅಂದ್ರೆ ಬಿಟ್ಟುಬಿಡಬೇಕಪ್ಪ’ ಅಂತ ಸಲೀಸಾಗಿ ಹೇಳಿಬಿಡ್ತಾರೆ. ಬಿಡೋದು ಒಂದು ಅಂಗಡಿ ಬಿಟ್ಟು ಇನ್ನೊಂದು ಅಂಗಡಿಗೆ ಹೋದಷ್ಟು ಸುಲಭವಲ್ಲ.

ಇದರ ಮೇಲೆ ಕಾಗದದ ತೊಡಕು ಬೇರೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಸ್ಥಾನ ಮೊದಲಿಗೆ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ಕ್ರೈಸ್ತರನ್ನು ಸೇರಿಸಲಿಲ್ಲ. ಹೀಗಾಗಿ ಸ್ಕೂಲ್ ಸರ್ಟಿಫಿಕೇಟಿನಲ್ಲಿ ಒಂದು ಹೆಸರು, ಪ್ರಾರ್ಥನೆಯಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಬದುಕುವ ಮನೆಗಳಿವೆ. ಅಂಥ ಮನೆಯವರು ‘ಚರ್ಚಿನಲ್ಲಿ ನನಗೆ ಅನ್ಯಾಯ ಆಯ್ತು’ ಅಂತ ಠಾಣೆ ಮೆಟ್ಟಿಲು ಹತ್ತಿದರೆ ಮೊದಲು ಹೋಗೋದು ಮಗನ ಹಾಸ್ಟೆಲ್ ಸೀಟು.

ಹೊರಗೆ ಹೇಳೋಣ ಅಂದರೆ ಅಲ್ಲಿ ಕಿವಿ ಕೊಡುವವರ ಮನಸ್ಸೇ ಬೇರೆ. 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಬಂತು, 2023ರ ಜೂನ್‌ನಲ್ಲಿ ಅದನ್ನು ವಾಪಸು ತಗೊಳ್ಳೋಕೆ ಸಂಪುಟ ತೀರ್ಮಾನ ಮಾಡಿತು. ಈ ಎಳೆದಾಟದ ನಡುವೆ ನೊಂದವಳೊಬ್ಬಳು ತನ್ನ ಕಥೆ ಹೇಳಿದರೆ ಅದು ಅವಳ ಕಥೆಯಾಗಿ ಉಳಿಯೋದಿಲ್ಲ, ಯಾರದೋ ಭಾಷಣಕ್ಕೆ ಸರಕಾಗುತ್ತೆ. ಆಗ ಸಭೆಯವರು ‘ನೋಡಿ, ಶತ್ರುಗಳ ಕೈಗೆ ಕೋಲು ಕೊಟ್ಟಳು’ ಅಂತಾರೆ. ನೊಂದವಳಿಗೆ ಸಿಕ್ಕಿದ್ದೇನು? ಎರಡೂ ಕಡೆಯಿಂದ ಏಟು.

ಇನ್ನು ಕ್ಷಮೆಯ ಮಾತು. ಕ್ಷಮಿಸು, ಕ್ಷಮಿಸು ಅಂತ ನೊಂದವರ ಕಿವಿಯಲ್ಲೇ ಊದೋದು. ಕ್ಷಮೆ ಕ್ರೈಸ್ತರಿಗೆ ದೊಡ್ಡ ಮಾತು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಪ್ಪು ಮಾಡಿದವನು ತಪ್ಪು ಒಪ್ಪಿಕೊಳ್ಳುವ ಮುಂಚೆಯೇ ಕ್ಷಮೆ ಕೇಳಿ ಪಡೆಯೋದು, ಸಾಲ ಮಾಡಿದವನೇ ಅಂಗಡಿಗೆ ನುಗ್ಗಿ ಖಾತೆ ಪುಸ್ತಕದಲ್ಲಿ ‘ವಸೂಲಾಯ್ತು’ ಅಂತ ಬರೆದುಕೊಂಡ ಹಾಗೆ. ಯಾವ ಅಂಗಡಿಯವನೂ ಇದನ್ನು ಒಪ್ಪೋದಿಲ್ಲ.

ದೊಡ್ಡ ಚರ್ಚುಗಳದು ಹೀಗಾದರೆ, ಒಬ್ಬನೇ ಪಾಸ್ಟರನ ಕೈಯಲ್ಲಿ ನಡೆಯುವ ಪ್ರಾರ್ಥನಾ ಮನೆಗಳಲ್ಲಿ ಮೇಲೆ ಕೇಳುವವರೂ ಇರೋದಿಲ್ಲ. ಬಹುಪಾಲು ಕಡೆ ಬಡವರಿಗೆ ನಾಲ್ಕು ಧೈರ್ಯದ ಮಾತು ಸಿಗುತ್ತೆ, ಕುಡಿತ ಬಿಟ್ಟವರೂ ಇದ್ದಾರೆ. ಕೆಟ್ಟರೆ ಮಾತ್ರ ಬಹಳ ಕೆಡುತ್ತೆ. ದಶಮಾಂಶ ಕೊಡದಿದ್ದರೆ ಶಾಪ, ಗುಳಿಗೆ ನುಂಗಿದರೆ ವಿಶ್ವಾಸ ಕಮ್ಮಿ, ಪ್ರಶ್ನೆ ಕೇಳಿದರೆ ಸೈತಾನ ಹೊಕ್ಕಿದ್ದಾನೆ. ಆಫ್ರಿಕಾದ ಕೀನ್ಯದಲ್ಲಿ ಒಬ್ಬ ಪಾಸ್ಟರ್ ಉಪವಾಸ ಬಿದ್ದರೆ ಏಸುವನ್ನು ಕಾಣಬಹುದು ಅಂತ ಜನರನ್ನು ಕಾಡಿಗೆ ಕರೆದೊಯ್ದ ಆರೋಪದಲ್ಲಿ, 2023ರಲ್ಲಿ ಶಕಹೋಲ ಎಂಬಲ್ಲಿ ಮಣ್ಣು ತೆಗೆದಾಗ 400ಕ್ಕೂ ಹೆಚ್ಚು ಹೆಣ ಸಿಕ್ಕವು. ಇಲ್ಲಿ ಅಷ್ಟು ದೂರ ಹೋಗಿಲ್ಲ, ಪುಣ್ಯ. ದೆವ್ವ ಬಿಡಿಸುತ್ತೇವೆ ಅಂತ ಹೊಡೆಯೋದು, ಹಿಂಸೆ ಕೊಡೋದು ಕರ್ನಾಟಕದಲ್ಲಿ 2017ರ ಮೌಢ್ಯ ನಿಷೇಧ ಕಾಯ್ದೆ ಪ್ರಕಾರ ಅಪರಾಧ. ಅದು ಎಲ್ಲ ಧರ್ಮಕ್ಕೂ ಒಂದೇ, ಪೂಜಾರಿಗೂ ಪಾಸ್ಟರಿಗೂ ಒಂದೇ.

ವಾಸಿಯಾಗುವ ದಾರಿ

ಈ ನೋವಿಗೆ ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಲೀನ್ ವಿನೆಲ್ 2011ರಲ್ಲಿ ಒಂದು ಹೆಸರು ಕೊಟ್ಟರು, ಧರ್ಮದಿಂದಾದ ಮನದ ಗಾಯ ಅನ್ನುವ ಅರ್ಥದ್ದು. ವೈದ್ಯರ ಅಧಿಕೃತ ರೋಗಗಳ ಪಟ್ಟಿಯಲ್ಲಿ ಆ ಹೆಸರಿಲ್ಲ. ಲಕ್ಷಣಗಳು ಮಾತ್ರ ಕಂಡವರಿಗೆ ಹೊಸವಲ್ಲ. ನಿದ್ದೆ ಬರೋದಿಲ್ಲ, ಗಂಟೆ ಸದ್ದು ಕೇಳಿದರೆ ಎದೆ ಹೊಡ್ಕೊಳ್ಳುತ್ತೆ, ಚಿಕ್ಕಂದಿನಿಂದ ಹಾಡಿದ ಕೀರ್ತನೆ ಕಿವಿಗೆ ಬಿದ್ದರೆ ಕೈ ನಡುಗುತ್ತೆ, ನರಕದ ಕನಸು ಬೀಳುತ್ತೆ. ಸಣ್ಣ ತೀರ್ಮಾನಕ್ಕೂ ಯಾರನ್ನೋ ಕೇಳಬೇಕು ಅನ್ನಿಸುತ್ತೆ.

ಇಂಥ ಗಾಯ ಯಾವ ಕ್ರಮದಲ್ಲಿ ಮಾಯುತ್ತೆ ಅಂತ ಜುಡಿತ್ ಹರ್ಮನ್ ಎಂಬ ಮನೋವೈದ್ಯೆ 1992ರಲ್ಲೇ ಬರೆದಿದ್ದಾರೆ. ಮೊದಲು ಭಯವಿಲ್ಲದ ಜಾಗ ಬೇಕು. ಆಮೇಲೆ ಆದದ್ದನ್ನು ಹೇಳಿ ಅಳುವುದಕ್ಕೆ ಸಮಯ ಬೇಕು. ಜನರ ನಡುವೆ ವಾಪಸು ಬರೋದು ಇವೆರಡರ ನಂತರದ ಮಾತು. ನಮ್ಮಲ್ಲಿ ಮಾಡೋದು ಉಲ್ಟಾ. ‘ಬರೋ ಭಾನುವಾರ ಬಂದುಬಿಡು, ಎಲ್ಲ ಸರಿ ಹೋಗುತ್ತೆ’ ಅಂತ ಕೊನೆಯದನ್ನೇ ಮೊದಲು ಹೇಳೋದು. 2022ರ ನವೆಂಬರಿನಲ್ಲಿ ಇದೇ ಮೋಕ ಹೋಬಳಿಯ ಬೈರದೇವನಹಳ್ಳಿ ಹತ್ತಿರ ವೇದಾವತಿ ಮೇಲಿನ ಎಲ್ಎಲ್‌ಸಿ ಮೇಲ್ಗಾಲುವೆಯ ಕಂಬ ಕುಸಿದಾಗ ಏನು ಮಾಡಿದರು? ನೀರು ನಿಲ್ಲಿಸಿ ಕಂಬ ಕಟ್ಟಿದರು. ಬೆಳೆ ಒಣಗುತ್ತೆ ಅಂತ ರೈತರು ಕೂಗಾಡಿದರು, ಮಂತ್ರಿಯೇ ಬಂದು ಅಲ್ಲಿ ಮಲಗಿದರು. ಆದರೂ ಹರಿಯುವ ನೀರಿನ ಕೆಳಗೆ ಕಂಬ ನಿಲ್ಲಿಸೋಕೆ ಆಗಲಿಲ್ಲ. ನೊಂದವರು ಆರು ತಿಂಗಳು ಚರ್ಚಿಗೆ ಬರದಿದ್ದರೆ ಅದನ್ನು ಬಿದ್ದುಹೋದರು ಅಂತ ತಿಳಿಯೋದು ತಪ್ಪು.

ಮೊದಲ ಜಾಗ ಎಲ್ಲಿ ಸಿಗುತ್ತೆ ಅನ್ನೋದಕ್ಕೆ ಬಳ್ಳಾರಿಯವರು ಬೇರೆ ಊರಿನ ಕಡೆ ನೋಡಬೇಕಿಲ್ಲ. ಮಾನಸಿಕ ಕಾಯಿಲೆಗೆ ಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲೇ ಮದ್ದು ಕೊಡಬಹುದು ಅಂತ ಬೆಂಗಳೂರಿನ ನಿಮ್ಹಾನ್ಸ್‌ನವರು 1985ರಲ್ಲಿ ಇಡೀ ಒಂದು ಜಿಲ್ಲೆಯಲ್ಲಿ ಪ್ರಯೋಗ ಮಾಡಿದರು. ಆ ಜಿಲ್ಲೆ ಬಳ್ಳಾರಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಮನೆ ಮನೆಗೆ ಹೋಗುವ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಐದು ವರ್ಷ ನಡೆದ ಈ ಕೆಲಸಕ್ಕೆ ‘ಬಳ್ಳಾರಿ ಮಾದರಿ’ ಅಂತಲೇ ಹೆಸರು ಬಿತ್ತು. 1996ರಲ್ಲಿ ಕೇಂದ್ರ ಸರ್ಕಾರ ಅದನ್ನೇ ಇಟ್ಟುಕೊಂಡು ದೇಶದ ಜಿಲ್ಲೆಗಳಿಗೆ ಕಾರ್ಯಕ್ರಮ ಹೊರಡಿಸಿತು. ಅದಿರಿಗೆ, ಜೀನ್ಸಿಗೆ ಹೆಸರಾದ ಊರು ಇದಕ್ಕೂ ಹೆಸರಾಗಿದೆ ಅಂತ ಊರಿನವರಿಗೇ ಗೊತ್ತಿಲ್ಲ! ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಬಸ್ ಚಾರ್ಜೂ ಇಲ್ಲದವರು 14416ಕ್ಕೆ ಫೋನ್ ಮಾಡಬಹುದು, 2022ರಲ್ಲಿ ಶುರುವಾದ ಟೆಲಿ ಮಾನಸ್ ಅದು, ಕನ್ನಡದಲ್ಲೇ ಮಾತಾಡ್ತಾರೆ. ಯಾವ ಸಭೆ, ಯಾವ ಜಾತಿ ಅಂತ ಹೇಳಬೇಕಾದ ಜರೂರಿಲ್ಲ.

ಮಗುವಿನ ಮೈಮೇಲೆ ಕೈ ಹಾಕಿದ ವಿಷಯವಾದರೆ ಪ್ರಾರ್ಥನೆ, ಪಂಚಾಯ್ತಿ ಎರಡೂ ಬೇಡ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಮುಚ್ಚಿಟ್ಟವರ ಮೇಲೂ ಕೇಸು. ಫಾದರ್ ಆಗಲಿ, ಸಿಸ್ಟರ್ ಆಗಲಿ, ಹೆಡ್ ಮಾಸ್ತರ್ ಆಗಲಿ.

ಇಷ್ಟೆಲ್ಲ ಆದ ಮೇಲೆ ವಿಶ್ವಾಸ ವಾಪಸು ಬರುತ್ತಾ? ಕೆಲವರಿಗೆ ಬರುತ್ತೆ, ಹಳೇ ರೂಪದಲ್ಲಿ ಬರೋದಿಲ್ಲ. ಕೆನಡಾ ದೇಶದಲ್ಲಿ ಮೂಲನಿವಾಸಿಗಳ ಒಂದೂವರೆ ಲಕ್ಷ ಮಕ್ಕಳನ್ನು ಮನೆಯಿಂದ ಕಿತ್ತು ಬೋರ್ಡಿಂಗ್ ಶಾಲೆಗಳಿಗೆ ಹಾಕಿದ್ದರು, ಅವುಗಳಲ್ಲಿ ಬಹಳಷ್ಟನ್ನು ನಡೆಸಿದವರು ಚರ್ಚಿನವರು. 2022ರ ಜುಲೈನಲ್ಲಿ ಪೋಪ್ ಫ್ರಾನ್ಸಿಸ್ ಖುದ್ದಾಗಿ ಅಲ್ಲಿಗೆ ಹೋಗಿ ಕ್ಷಮೆ ಕೇಳಿದರು. ಅತ್ತವರು ಅತ್ತರು, ಬರೀ ಮಾತಾಯ್ತು ಅಂದವರು ಅಂದರು. ಯಾರನ್ನೂ ಒಂದೇ ದಿನದಲ್ಲಿ ಒಪ್ಪಿಸೋಕೆ ಆಗಲಿಲ್ಲ.

ಇಲ್ಲಿಯೂ ಅಷ್ಟೇ. ಒಬ್ಬರು ಮನೆಯಲ್ಲೇ ದೀಪ ಹಚ್ಚಿ ಒಂದು ಕೀರ್ತನೆ ಓದಿ ಮುಗಿಸ್ತಾರೆ. ಇನ್ನೊಬ್ಬರು ಪಂಗಡ ಬದಲಿಸ್ತಾರೆ. ಒಬ್ಬರು ಬಂದು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತು, ಪ್ರಸಂಗ ಶುರುವಾದರೆ ಎದ್ದು ಹೋಗ್ತಾರೆ. ಒಬ್ಬರು ಇನ್ನು ಸಾಕು ಅಂತ ಪೂರ್ತಿ ಬಿಡ್ತಾರೆ, ಬಿಟ್ಟ ಮೇಲೂ ಅವರ ಅಪ್ಪನ ಗೋರಿ ಅಲ್ಲೇ ಇರುತ್ತೆ. ನವೆಂಬರ್ 2ರ ಆತ್ಮಗಳ ದಿನ ಅವರು ಹೂವು, ಮೇಣದಬತ್ತಿ ಹಿಡಿದು ಬರ್ತಾರೆ. ಆವತ್ತು ಮಸಣದ ಗೇಟಿನಲ್ಲಿ ನಿಂತವರು ‘ಯಾಕೆ ಬರ್ಲಿಲ್ಲ ಇಷ್ಟು ದಿನ’ ಅಂತ ಕೇಳ್ತಾರೋ, ಸುಮ್ಮನೆ ಬೆಂಕಿಪೊಟ್ಟಣ ಕೊಡ್ತಾರೋ ನೋಡಬೇಕು.