ನಾಳೆ ಬಾ

ಹಿಂದೆ ನಮ್ಮ ಊರುಗಳಲ್ಲಿ ದೆವ್ವದ ಭಯ ಹಬ್ಬಿದಾಗ ಜನ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು. ರಾತ್ರಿ ಬಂದ ದೆವ್ವ ಓದಿಕೊಂಡು ವಾಪಸ್ ಹೋಗುತ್ತದೆ. ಮಾರನೆಯ ರಾತ್ರಿ ಬಂದರೆ ಮತ್ತೆ ಅದೇ ಬರಹ, ಮತ್ತೆ ವಾಪಸ್. ಆ ದೆವ್ವಕ್ಕೆ ನಾಳೆ ಎನ್ನುವುದು ಬರುವುದೇ ಇಲ್ಲ. ಈ ದೇಶದಲ್ಲಿ ಅಂಗವಿಕಲರಿಗಾಗಿ ಕಟ್ಟಿದ ಆರೋಗ್ಯ ವಿಮೆಯ ಬಾಗಿಲ ಮೇಲೂ ಇದೇ ಬರಹವಿದೆ. ಬಾಗಿಲ ಒಳಗೆ ಖಜಾನೆ, ಹೊರಗೆ ಮನುಷ್ಯರು.

ಗೆಳೆಯರೆ, ಈ ತಡವನ್ನು ಗುಮಾಸ್ತನ ಸೋಮಾರಿತನ ಎಂದು ತಿಳಿದರೆ ನಾವು ಮೋಸಹೋಗುತ್ತೇವೆ. ತಡ ಮಾಡುವುದೇ ಇಲ್ಲಿ ಆಡಳಿತದ ಕ್ರಮ. ಇಲ್ಲ ಎಂದರೆ ಜನ ದಂಗೆ ಏಳುತ್ತಾರೆ. ಕೊಡ್ತೀವಿ, ಸ್ವಲ್ಪ ಕಾಯಿರಿ ಎಂದರೆ ಸಾಲಿನಲ್ಲಿ ನಿಲ್ಲುತ್ತಾರೆ. ನಿಂತವರಲ್ಲಿ ಕೆಲವರು ಸುಸ್ತಾಗಿ ಮನೆಗೆ ಹೋಗುತ್ತಾರೆ, ಕೆಲವರು ಸಾಯುತ್ತಾರೆ. ಹಾಗೆ ಹೋದವರ ಪಾಲು ಖಜಾನೆಯಲ್ಲೇ ಉಳಿಯುತ್ತದೆ.

ಮೊದಲು ಕಾಯ್ದೆ ನೋಡೋಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. 1995ರ ಹಳೆಯ ಕಾಯ್ದೆ ಏಳು ಬಗೆಯ ಅಂಗವೈಕಲ್ಯ ಎಣಿಸಿತ್ತು, ಇದು ಇಪ್ಪತ್ತೊಂದು ಎಣಿಸಿತು. ಆದಾಯದ ಮಿತಿಗೆ ಒಳಪಟ್ಟು ಹತ್ತಿರದಲ್ಲೇ, ಅದರಲ್ಲೂ ಹಳ್ಳಿಗಾಡಿನಲ್ಲಿ, ಉಚಿತ ಚಿಕಿತ್ಸೆ ಸಿಗಬೇಕು ಎಂದು 25ನೇ ಸೆಕ್ಷನ್ ಹೇಳುತ್ತದೆ. ಇಎಸ್‌ಐ ಅಥವಾ ಬೇರೆ ಸರ್ಕಾರಿ ವಿಮೆಗೆ ಸೇರದ ಅಂಗವಿಕಲರಿಗೆ ಸಮಗ್ರ ವಿಮಾ ಯೋಜನೆ ಇರಬೇಕು ಎಂದು 24ನೇ ಸೆಕ್ಷನ್ ಹೇಳುತ್ತದೆ. ಆದರೆ ಅದೇ ಸೆಕ್ಷನ್ನಿನ ಮೊದಲಲ್ಲೇ ಒಂದು ಗೂಟ ಹೊಡೆದಿದ್ದಾರೆ: ಸರ್ಕಾರ ಇದನ್ನೆಲ್ಲ ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ಮಾಡಬೇಕಂತೆ. ಗೂಟಕ್ಕೆ ಕಟ್ಟಿದ ಆಡಿಗೆ ಎಷ್ಟು ದೂರದ ಹುಲ್ಲು ಎಟುಕುತ್ತದೆ ಎನ್ನುವುದನ್ನು ಹಗ್ಗ ಹಿಡಿದವನೇ ತೀರ್ಮಾನಿಸುತ್ತಾನೆ.

ವಿಮೆಯ ಬಾಗಿಲಿಗೆ ಮೊದಲು ಇನ್ನೊಂದು ಬಾಗಿಲಿದೆ. ಕಾಲಿಲ್ಲದ್ದು ಕಣ್ಣಿಗೆ ಕಂಡರೆ ಸಾಲದು. ವೈದ್ಯರು ಶೇಕಡಾವಾರು ಅಳೆದು ಪ್ರಮಾಣಪತ್ರ ಕೊಡಬೇಕು, ಯುಡಿಐಡಿ ಎಂಬ ಗುರುತಿನ ಕಾರ್ಡು ಬರಬೇಕು. ಶೇಕಡ 40 ಇದ್ದರೆ ಸೌಲಭ್ಯದ ಲೆಕ್ಕಕ್ಕೆ ಬರುತ್ತೀಯ, 39 ಇದ್ದರೆ ಹೆಚ್ಚಿನವು ನಿನಗಿಲ್ಲ. 2017ರ ನಿಯಮಗಳು ಒಂದು ತಿಂಗಳೊಳಗೆ ಪ್ರಮಾಣಪತ್ರ ಕೊಡಿ ಎಂದಿದ್ದವು. ಕೊಡಲಾಗದಿದ್ದರೆ ಏನು ಮಾಡಬೇಕಿತ್ತು? ಡಾಕ್ಟರುಗಳನ್ನು ಹೆಚ್ಚಿಸಬೇಕಿತ್ತು, ಹೋಬಳಿಗೆ ಇಳಿದು ಬರಬೇಕಿತ್ತು. ಸರ್ಕಾರ ಹಾಗೆ ಮಾಡಲಿಲ್ಲ. 2024ರ ಅಕ್ಟೋಬರಿನಲ್ಲಿ ನಿಯಮವನ್ನೇ ತಿದ್ದಿ ಒಂದು ತಿಂಗಳನ್ನು ಮೂರು ತಿಂಗಳು ಮಾಡಿತು. ಎರಡು ವರ್ಷ ದಾಟಿದರೂ ತೀರ್ಮಾನವಾಗದ ಅರ್ಜಿ ಇನ್ನು ನಿಷ್ಕ್ರಿಯವಂತೆ. ಅರ್ಜಿದಾರನೇ ಮತ್ತೆ ಬಾಗಿಲು ತಟ್ಟಬೇಕು, ಇಲ್ಲವೇ ಹೊಸ ಅರ್ಜಿ ಹಾಕಬೇಕು. ಮಲಗಿದವರು ಅವರು, ಸತ್ತದ್ದು ನಮ್ಮ ಅರ್ಜಿ!

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಓದಿದವಳು ನಾನು. ಹಾಗಾಗಿ ಕೇರಿಯ ಅರ್ಜಿಗಳೆಲ್ಲ ನನ್ನ ಕೈಗೇ ಬರುತ್ತವೆ. ‘ಮಗಾ, ಇದೊಂದ್ ಬರ್ಕೊಡವ್ವ’ ಅಂತ ಬರುವವರು ಫಾರಮ್ಮಿಗಿಂತ ದೊಡ್ಡ ಲೆಕ್ಕ ಹೇಳುತ್ತಾರೆ. ಸೊಂಟದ ಕೆಳಗೆ ಸ್ವಾಧೀನವಿಲ್ಲದ ಮಗನನ್ನು ಹೊತ್ತು ಬಸ್ಸು ಹತ್ತುವ ತಾಯಿಗೆ ಶಕ್ತಿ ಯೋಜನೆಯಿಂದ ಟಿಕೇಟಿನ ದುಡ್ಡು ಉಳಿಯುತ್ತದೆ, ಕೂಲಿ ಉಳಿಯುವುದಿಲ್ಲ. ಜೊತೆಗೆ ಬಂದ ತಮ್ಮನ ಕೂಲಿಯೂ ಹೋಯಿತು. ಅಲ್ಲಿ ಹೋದರೆ ‘ಮೂಳೆ ಡಾಕ್ಟ್ರು ಇವತ್ತು ರಜಾ’. ಮುಂದಿನ ವಾರ ‘ಸರ್ವರ್ ಇಲ್ಲ’. ಅದರ ಮುಂದಿನ ವಾರ ‘ಆಧಾರ್‌ನಾಗೆ ಹೆಸ್ರು ಬೇರೆ ಐತಲ್ಲಮ್ಮ’. ಮೂರು ಸಲ ಹೋದರೆ ಆರು ಕೂಲಿ. ಉಚಿತ ಎಂದು ಬರೆದ ಕಾಗದಕ್ಕೆ ಕೇರಿ ತೆತ್ತ ಬೆಲೆ ಇದು.

ಇಷ್ಟಾಗಿ ಕಾರ್ಡು ಬಂತು ಅನ್ನಿ. ವಿಮೆ ಯಾವುದಿದೆ? 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ‘ನಿರಾಮಯ’ ಎಂಬುದಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ ಮಾತ್ರ. ಕಾಯ್ದೆ ಎಣಿಸಿದ್ದು ಇಪ್ಪತ್ತೊಂದು, ಉಳಿದ ಹದಿನೇಳು ಹೊರಗೆ. ವರ್ಷಕ್ಕೆ ಒಂದು ಲಕ್ಷದ ಮಿತಿ. ಹೊರರೋಗಿ ಚಿಕಿತ್ಸೆಯೂ ಸೇರುತ್ತದೆ, ಅದು ಒಳ್ಳೆಯದೇ. ಆದರೆ ಮೊದಲು ನೀನು ಖರ್ಚು ಮಾಡು, ಬಿಲ್ಲು ತಾ, ಆಮೇಲೆ ಕೊಡ್ತೀವಿ ಎಂಬ ಕ್ರಮ. ಮೊದಲು ಖರ್ಚು ಮಾಡಲು ದುಡ್ಡಿದ್ದವನಿಗೆ ವಿಮೆ ಯಾಕೆ ಬೇಕು? ಇಲ್ಲದವನು ಬಡ್ಡಿಗೆ ತರುತ್ತಾನೆ. ಹಣ ವಾಪಸ್ ಬರುವ ಹೊತ್ತಿಗೆ ಬಡ್ಡಿ ಅದರ ಪಾಲನ್ನು ನುಂಗಿರುತ್ತದೆ. 2015ರಲ್ಲಿ ‘ಸ್ವಾವಲಂಬನ್’ ಎಂಬ ಎರಡು ಲಕ್ಷದ ವಿಮೆ ಬಂತು. ಕೆಲವೇ ವರ್ಷಗಳಲ್ಲಿ ನಿಂತುಹೋಯಿತು.

2018ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ ಬಂತು, ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ. ಅದರ ಗ್ರಾಮೀಣ ಪಟ್ಟಿಯಲ್ಲಿ ಅಂಗವಿಕಲರಿಗೊಂದು ಕಲಂ ಇದೆ. ಮನೆಯಲ್ಲಿ ಅಂಗವಿಕಲರಿರಬೇಕು, ಜೊತೆಗೆ ಮೈಗಟ್ಟಿಯಾದ ವಯಸ್ಕರು ಒಬ್ಬರೂ ಇರಬಾರದು! ದಲಿತರೆಂದೋ ಭೂಮಿಯಿಲ್ಲದ ಕೂಲಿಯವರೆಂದೋ ಬೇರೆ ಕಲಮಿನಲ್ಲಿ ಒಳಗೆ ಬರಬಹುದು. ಅಂಗವಿಕಲನೆಂದು ಬರಲು ಹೋದರೆ, ಹೊತ್ತು ನಡೆಯುವ ತಾಯಿಯ ರಟ್ಟೆಯ ಬಲವೇ ಮಗನಿಗೆ ಅಡ್ಡ. ಕರ್ನಾಟಕದಲ್ಲಿ ಈ ವಿಮೆ ರೇಷನ್ ಕಾರ್ಡಿನ ಬಾಲ ಹಿಡಿದಿದೆ. ಬಿಪಿಎಲ್ ಕಾರ್ಡಿದ್ದರೆ ಐದು ಲಕ್ಷ, ಇಲ್ಲದಿದ್ದರೆ ಚಿಕಿತ್ಸೆಯ ನಿಗದಿತ ದರದಲ್ಲಿ ಶೇಕಡ 30 ಮಾತ್ರ. ಯಾರ ಕಾರ್ಡಾದರೂ ಆಸ್ಪತ್ರೆಗೆ ದಾಖಲಾದರೆ ಮಾತ್ರ ಅದು ಕೆಲಸ ಮಾಡುತ್ತದೆ. ಅಂಗವಿಕಲನ ಖರ್ಚು ದಿನದಿನದ್ದು. ಫಿಟ್ಸ್ ಮಾತ್ರೆ, ಮೂತ್ರದ ನಳಿಗೆ, ವ್ಯಾಯಾಮ ಮಾಡಿಸುವವರ ಫೀಜು, ಮಲಗಿ ಮಲಗಿ ಬೆನ್ನಿಗಾದ ಹುಣ್ಣಿನ ಡ್ರೆಸಿಂಗು. ಇವಕ್ಕೆ ಆ ಕಾರ್ಡಿನಲ್ಲಿ ಜಾಗವಿಲ್ಲ. ಹುಣ್ಣು ಕೊಳೆತು ಜ್ವರ ತಲೆಗೇರಿ ವಾರ್ಡಿಗೆ ಸೇರಿದ ಮೇಲೆ ವಿಮೆ ಎಚ್ಚರಾಗುತ್ತದೆ.

ಮೈ ಮಾತ್ರ ಯಾವ ಕಚೇರಿಗೂ ಕಾಯುವುದಿಲ್ಲ. ಸೆರೆಬ್ರಲ್ ಪಾಲ್ಸಿಯ ಮಗುವಿಗೆ ವ್ಯಾಯಾಮ ತಪ್ಪಿದರೆ ಸ್ನಾಯು ಬಿಗಿಯುತ್ತದೆ, ಕೀಲು ಮಡಿಸಿಕೊಳ್ಳುತ್ತದೆ. ಇವತ್ತು ನೀವಿ ಬಿಡಿಸಬಹುದಾದ ಕಾಲಿಗೆ ಎರಡು ವರ್ಷದ ನಂತರ ಆಪರೇಷನ್ ಬೇಕಾಗುತ್ತದೆ. ಸರ್ಕಾರದ ತಡ ಆ ಮಗುವಿನ ಮೈಯೊಳಗೆ ಇಳಿದು ಶಾಶ್ವತವಾಗುತ್ತದೆ.

ಯಾರು ಕಾಯುತ್ತಿದ್ದಾರೆ? 2011ರ ಜನಗಣತಿಯಲ್ಲಿ ದೇಶದ ಅಂಗವಿಕಲರು 2.68 ಕೋಟಿ, ಕರ್ನಾಟಕದವರು 13 ಲಕ್ಷಕ್ಕೂ ಹೆಚ್ಚು. ದೇಶದ ಲೆಕ್ಕದಲ್ಲಿ ನೂರರಲ್ಲಿ 69 ಜನ ಹಳ್ಳಿಯವರು. ಒಟ್ಟು ಜನರಲ್ಲಿ ಅಂಗವಿಕಲರು ಶೇಕಡ 2.21, ಪರಿಶಿಷ್ಟ ಜಾತಿಗಳಲ್ಲಿ ಶೇಕಡ 2.45. ಈ ವ್ಯತ್ಯಾಸ ಹಣೆಬರಹದಿಂದ ಬಂದದ್ದೆ? ಹೊಟ್ಟೆಗಿಲ್ಲದೆ ಹೆರುವ ಬಸುರಿ, ಕಲ್ಲಿನ ಕ್ವಾರಿ, ಕಟ್ಟಡದ ಸಾರುವೆ, ಹೊತ್ತಿಗೆ ಸಿಗದ ಡಾಕ್ಟರು, ಇವೆಲ್ಲ ಯಾವ ಕೇರಿಯ ಪಾಲಿಗೆ ಬಿದ್ದಿವೆ ಎಂದು ನೋಡಿದರೆ ಸಾಕು. ನಮ್ಮನ್ನು ಹೊಲೆಗೇರಿಯಲ್ಲಿ ಹುಟ್ಟಿಸಿದ್ದು ಹಿಂದಿನ ಜನ್ಮದ ಕರ್ಮ ಎಂದ ಬಾಯಿಯೇ ಕುರುಡು ಮಗುವನ್ನು ಕಂಡಾಗಲೂ ಕರ್ಮ ಎಂದಿತು. ಎರಡು ಕಡೆಯೂ ಒಂದೇ ಲಾಭ: ತಪ್ಪು ಹುಟ್ಟಿದವರದ್ದಾದರೆ ಸಮಾಜ ಏನೂ ಕೊಡಬೇಕಾಗಿಲ್ಲ.

ಕೊಡುವುದನ್ನು ತಪ್ಪಿಸಿಕೊಳ್ಳಲು ಹೆಸರು ಕೊಡುವುದು ಹಳೆಯ ಉಪಾಯ. ನಮಗೆ ಹರಿಜನ ಎಂದು ದೇವರ ಹೆಸರಿಟ್ಟರು, ಬಾವಿಯ ಹಗ್ಗ ಕೊಡಲಿಲ್ಲ. 2015ರ ಕೊನೆಗೆ ಪ್ರಧಾನಿಯವರು ಅಂಗವಿಕಲರನ್ನು ದಿವ್ಯಾಂಗರೆನ್ನೋಣ ಎಂದು ರೇಡಿಯೋದಲ್ಲಿ ಹೇಳಿದರು. ದಿವ್ಯವಾದ ಅಂಗಕ್ಕೆ ಚಿಕಿತ್ಸೆ ಯಾಕೆ, ಪೂಜೆ ಸಾಕಲ್ಲವೆ?

ದುಡ್ಡೆಲ್ಲಿದೆ ಎಂದು ಕೇಳುವವರಿದ್ದಾರೆ. 2024ರ ಅಕ್ಟೋಬರ್ 29ರಂದು 70 ದಾಟಿದ ಎಲ್ಲರಿಗೂ, ಆದಾಯ ಕೇಳದೆ, ಆಯುಷ್ಮಾನ್ ಕೊಟ್ಟರಲ್ಲ? ಮುದುಕರಿಗೆ ಕೊಟ್ಟದ್ದು ಸರಿಯೇ. ಹಾಗಾದರೆ ಆರ್ಥಿಕ ಶಕ್ತಿಯ ಮಿತಿ ಅಂಗವಿಕಲನ ಸರದಿ ಬಂದಾಗ ಮಾತ್ರ ಯಾಕೆ ನೆನಪಾಗುತ್ತದೆ? ಸುಳ್ಳು ಪ್ರಮಾಣಪತ್ರದವರು ನುಗ್ಗುತ್ತಾರೆ ಎಂದು ಇನ್ನೊಂದು ಮಾತು. ಮೋಸದಿಂದ ಸೌಲಭ್ಯ ಪಡೆದರೆ ಎರಡು ವರ್ಷದವರೆಗೆ ಜೈಲು ಎಂದು ಅದೇ ಕಾಯ್ದೆಯ 91ನೇ ಸೆಕ್ಷನ್ನಿನಲ್ಲಿದೆ. ಮೋಸ ಮಾಡಿದವನನ್ನು ಹಿಡಿದು ಶಿಕ್ಷಿಸಿ. ಅವನ ಪಾಪಕ್ಕೆ ಕ್ವಾರಿಯಲ್ಲಿ ಕಾಲು ಕಳೆದುಕೊಂಡವನನ್ನು ಯಾಕೆ ಬಿಸಿಲಲ್ಲಿ ನಿಲ್ಲಿಸುತ್ತೀರಿ?

ತಡಕ್ಕೆ ದಂಡವಿರಬೇಕು ಎಂಬ ತತ್ವವನ್ನು ನಮ್ಮ ರಾಜ್ಯ 2011ರ ಸಕಾಲ ಕಾಯ್ದೆಯಲ್ಲೇ ಒಪ್ಪಿದೆ. ಪಟ್ಟಿಯಲ್ಲಿರುವ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500. ಅಂದರೆ ಇಪ್ಪತ್ತೈದು ದಿನವಾದ ಮೇಲೆ ತಡ ಮಾಡುವುದು ಪುಕ್ಕಟೆ!

ನಮ್ಮ ಸಂಗಾತಿಗಳಿಗೂ ಒಂದು ಮಾತು. ಕುರುಡು ಸರ್ಕಾರ, ಕಿವುಡು ಆಡಳಿತ, ಕುಂಟು ನೆಪ ಎಂದು ವೇದಿಕೆ ಮೇಲೆ ಗುಡುಗುವವರನ್ನು ಕೇಳುತ್ತೇನೆ: ಸರ್ಕಾರಕ್ಕೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಕಿವಿ ಚೆನ್ನಾಗಿಯೇ ಕೇಳುತ್ತದೆ. ಅದರ ದುಷ್ಟತನಕ್ಕೆ ನಮ್ಮ ಕುರುಡರ, ಕಿವುಡರ ಹೆಸರಿಡುವುದು ಯಾವ ಬಂಡಾಯ? ಮೆಟ್ಟಿಲ ಮೇಲಿನ ಸಭೆಗೆ ತೆವಳಿ ಬರಲಾಗದವನು ನಮ್ಮ ಚಳವಳಿಯಲ್ಲಿ ಎಲ್ಲಿದ್ದಾನೆ?

ನಮ್ಮ ಬೇಡಿಕೆ ಸ್ಪಷ್ಟವಿರಲಿ. ಅರ್ಜಿ ಕೊಟ್ಟ ದಿನದಿಂದಲೇ ವಿಮೆ ಶುರುವಾಗಲಿ, ಸ್ವೀಕೃತಿ ಚೀಟಿಯೇ ತಾತ್ಕಾಲಿಕ ಕಾರ್ಡಾಗಲಿ. ತಪಾಸಣೆ ಹೋಬಳಿಗೆ ಬರಲಿ. ಕಚೇರಿ ಮಾಡಿದ ತಡಕ್ಕೆ ಅರ್ಜಿ ಸಾಯುವ ನಿಯಮ ರದ್ದಾಗಲಿ. ಇಪ್ಪತ್ತೊಂದೂ ಬಗೆಯವರಿಗೆ ಆದಾಯ ಕೇಳದೆ, ಕೈಯಿಂದ ದುಡ್ಡು ಕಟ್ಟಿಸಿಕೊಳ್ಳದೆ, ಹೊರರೋಗಿ ಚಿಕಿತ್ಸೆಯೂ ಸೇರಿದ ವಿಮೆ ಬರಲಿ.

ಹಳ್ಳಿಯ ಮೇಷ್ಟ್ರೆ, ನಿಮ್ಮ ಶಾಲೆಗೆ ಬಾರದ ಮಗು ಯಾವ ಮನೆಯ ಒಳಕೋಣೆಯಲ್ಲಿದೆ ಎಂದು ನಿಮಗೆ ಗೊತ್ತು. ಅರ್ಜಿ ಬರೆಸಿ, ತಾರೀಖು ಗುರುತು ಹಾಕಿಕೊಳ್ಳಿ. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಜೊತೆಗೆ ಕರೆದುಕೊಳ್ಳಿ. ವಿದ್ಯಾರ್ಥಿ ಗೆಳೆಯರೆ, ತಾಲ್ಲೂಕಿನಲ್ಲಿ ಎಷ್ಟು ಅರ್ಜಿ ಎಷ್ಟು ದಿನದಿಂದ ಕೊಳೆಯುತ್ತಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಸ್ವೀಕೃತಿ ಚೀಟಿಗಳನ್ನೆಲ್ಲ ಒಟ್ಟುಮಾಡಿ, ಅರ್ಜಿದಾರರನ್ನೇ ಮುಂದಿಟ್ಟುಕೊಂಡು ಜಿಲ್ಲಾಧಿಕಾರಿಗಳ ಮೇಜಿನ ಮುಂದೆ ಕೂರೋಣ. ನಾಳೆ ಎಂದವರಿಗೆ ಯಾವ ತಾರೀಖು ಎಂದು ಕೇಳೋಣ. ಬಾಯಲ್ಲಿ ಹೇಳಿದರೆ ಆಗದು, ಬರೆದು ರುಜು ಹಾಕಿ ಕೊಡಿ ಅನ್ನೋಣ. ಕೊಡುವತನಕ ಏಳುವುದು ಬೇಡ.