ಲೈಬ್ರರಿಯ ಪಾಠವನ್ನೂ ವಿಚಾರಿಸಿ

ಸೋದರಿಯರೇ, ಪಿಯುಸಿ ಫಲಿತಾಂಶ ಬಂತೆಂದರೆ ಮನೆಮನೆಯಲ್ಲೂ ಕಾಲೇಜಿನದೇ ಮಾತು. ಫೀಸು ಎಷ್ಟು, ಹಾಸ್ಟೆಲ್ಲಿನ ಊಟ ಹೇಗೆ, ಬಸ್ಸು ಹೊತ್ತಿಗೆ ಸರಿಯಾಗಿ ಸಿಗುತ್ತದೆಯೇ ಎಂದೆಲ್ಲ ವಿಚಾರಿಸುತ್ತೇವೆ. ಆದರೆ "ನಿಮ್ಮ ಲೈಬ್ರರಿಯಲ್ಲಿ ಮಕ್ಕಳಿಗೆ ಏನು ಕಲಿಸ್ತೀರಿ?" ಅಂತ ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ, ಹೇಳಿ?

ಲೈಬ್ರರಿಯಲ್ಲಿ ಕಲಿಸೋದೇನು, ಪುಸ್ತಕ ಕೊಡೋದು ತೊಗೊಳ್ಳೋದು ತಾನೇ ಅಂತೀರಾ? ಬೇಕಾದ ಮಾಹಿತಿಯನ್ನು ಹುಡುಕುವುದು, ಅದು ನಂಬಲು ಯೋಗ್ಯವೇ ಎಂದು ತೂಗಿ ನೋಡುವುದು, ಎಲ್ಲಿಂದ ಪಡೆದೆವೆಂದು ಪ್ರಾಮಾಣಿಕವಾಗಿ ಬರೆಯುವುದು ಇವೆಲ್ಲ ಕಲಿತೇ ಬರಬೇಕಾದ ವಿದ್ಯೆ. ಇದಕ್ಕೆ ಮಾಹಿತಿ ಸಾಕ್ಷರತೆ ಎನ್ನುತ್ತಾರೆ. ಗ್ರಂಥಾಲಯ ಶಾಸ್ತ್ರದ ಹಿರಿಯರಾದ ಡಾ. ಎಸ್. ಆರ್. ರಂಗನಾಥನ್ ತಮ್ಮ ಐದು ಸೂತ್ರಗಳನ್ನು 1931ರಲ್ಲೇ ಪ್ರಕಟಿಸಿದರು. ಪುಸ್ತಕ ಬೀರುವಿನಲ್ಲಿ ಬೀಗ ಹಾಕಿಡಲಿಕ್ಕಲ್ಲ, ಓದುಗರ ಕೈಸೇರಲಿಕ್ಕೆ ಎಂಬುದೇ ಅವರ ಆಶಯ. 1962ರಲ್ಲಿ ಬೆಂಗಳೂರಿನಲ್ಲಿ ಈ ಶಾಸ್ತ್ರದ ಸಂಶೋಧನೆಗೆಂದೇ ಒಂದು ಕೇಂದ್ರ ಆರಂಭಿಸಿದವರೂ ಅವರೇ.

ಆಗ ಪುಸ್ತಕ ಸಿಗುವುದೇ ಕಷ್ಟ. ಈಗ ಮಾಹಿತಿ ಬೇಕಾದಷ್ಟು, ಕಾಳು ಯಾವುದು ಕಲ್ಲು ಯಾವುದು ಅನ್ನೋದೇ ಕಷ್ಟ! 2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿಯಂಥ ಯಂತ್ರ, ಇಲ್ಲದ ಪುಸ್ತಕಕ್ಕೂ ಹೆಸರು, ಲೇಖಕ, ಇಸವಿ ಎಲ್ಲ ಕೊಟ್ಟುಬಿಡುತ್ತದೆ. ನ್ಯೂಯಾರ್ಕಿನ ಇಬ್ಬರು ವಕೀಲರು ಅದು ಹೇಳಿದ, ನಡೆದೇ ಇರದ ಮೊಕದ್ದಮೆಗಳನ್ನು ಕೋರ್ಟಿಗೆ ಕೊಟ್ಟು, 2023ರಲ್ಲಿ 5,000 ಡಾಲರ್ ದಂಡಕ್ಕೆ ಗುರಿಯಾದರು. ಕಲಿತ ವಕೀಲರಿಗೇ ಹೀಗಾದರೆ, ಹದಿನೆಂಟರ ಮಕ್ಕಳ ಪಾಡೇನು?

2019ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ಸಂಶೋಧನೆಯ ನೀತಿಯ ಬಗ್ಗೆ 2 ಕ್ರೆಡಿಟ್‌ಗಳ ಪಾಠ ಕಡ್ಡಾಯ ಮಾಡಿತು. ಒಳ್ಳೆಯದೇ. ಆದರೆ ಅಷ್ಟು ಹೊತ್ತಿಗೆ ಕಲಿಸುವುದು ಅನ್ನ ಬೆಂದ ಮೇಲೆ ಅಕ್ಕಿ ಆರಿಸಿದ ಹಾಗಲ್ಲವೇ? ಪದವಿಯ ಮೊದಲ ವರ್ಷವೇ ಗ್ರಂಥಪಾಲಕರು ತರಗತಿಗೆ ಬರಬೇಕು, ಅಧ್ಯಾಪಕರ ಜೊತೆ ಕೂಡಿ ಕಲಿಸಬೇಕು. ಖರಗ್‌ಪುರದ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವಿದೆ. ನಮ್ಮ ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಉಚಿತವಾಗಿ ಸಿಗುವ 'ಶೋಧಗಂಗಾ' ಇದೆ. ಬಾವಿಯಲ್ಲಿ ನೀರಿದ್ದರೆ ಸಾಲದು, ಸೇದುವುದನ್ನೂ ಕಲಿಸಬೇಕು.

ಅಮ್ಮಂದಿರ ಪಾಲಿನ ಕೆಲಸವೂ ಇದೆ. ಕಾಲೇಜಿಗೆ ಸೇರಿಸುವಾಗ ಮೂರು ವಿಷಯ ಕೇಳಿ:

1. ವೇಳಾಪಟ್ಟಿಯಲ್ಲಿ ಲೈಬ್ರರಿಗೆ ಗಂಟೆ ಇದೆಯೇ?
2. ಆ ಗಂಟೆಯಲ್ಲಿ ಪಾಠ ಮಾಡುವವರು ಯಾರು?
3. ಮಕ್ಕಳು ಕಪಾಟಿನ ಬಳಿ ಹೋಗಿ ತಾವೇ ಪುಸ್ತಕ ಹುಡುಕಬಹುದೇ?

ಮಕ್ಕಳು ಮನೆಯಲ್ಲಿ ಪ್ರಬಂಧ ಬರೆಯುವಾಗ ಇನ್ನೂ ಮೂರು ಕೇಳಿ: ಇದನ್ನು ಬರೆದವರು ಯಾರು? ಯಾವ ವರ್ಷ? ಆ ಪುಸ್ತಕವನ್ನು ನೀನೇ ತೆರೆದು ನೋಡಿದೆಯಾ?

ಇದನ್ನು ಕೇಳಲು ನಮಗೆ ಇಂಗ್ಲಿಷೂ ಬೇಡ, ಡಿಗ್ರಿಯೂ ಬೇಡ. ತರಕಾರಿಯವನ ಮುಂದೆ ಒಂದೊಂದು ಬದನೆಕಾಯನ್ನೂ ತಿರುಗಿಸಿ ನೋಡುವವರು ನಾವು. ಮಕ್ಕಳ ತಲೆಗೆ ಹೋಗುವ ಮಾತನ್ನು ನೋಡದೆ ಬಿಟ್ಟೇವೇ?